ಮೈಲು ನಿಮ್ಮದು, ಸೀಟು ಅವರದು

ವಿಮಾನ ಕಂಪನಿಗಳ ಮೈಲುಗಳಿಂದ (ಹಾರಾಟಕ್ಕೋ ಕಾರ್ಡಿನ ಖರ್ಚಿಗೋ ಸಿಗುವ, ದುಡ್ಡಿನ ಬದಲು ಟಿಕೆಟ್ಟಿಗೆ ಕೊಡಬಹುದಾದ ಪಾಯಿಂಟುಗಳಿಂದ) ಮನೆಯವರಿಗೆ, ಗೆಳೆಯರಿಗೆ ಟಿಕೆಟ್ ತೆಗೆಯುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯ ಜಾಗವನ್ನು ಮೀಸಲಿಟ್ಟಿದ್ದೇವೆ. ಬಹುಪಾಲು ಪತ್ರಗಳ ಹಿಂದೆ ಇರುವ ಗೊಂದಲ ಒಂದೇ. ಮೈಲು ಯಾರ ಖಾತೆಯಲ್ಲಿದೆಯೋ ಅವರೇ ಹಾರಬೇಕು ಎಂದು ಕೆಲವರು ತಿಳಿದಿದ್ದಾರೆ, ಯಾರು ಬೇಕಾದರೂ ಹಾರಬಹುದು ಎಂದು ಇನ್ನು ಕೆಲವರು. ಎರಡೂ ಪೂರ್ತಿ ಸರಿಯಲ್ಲ. ಅದನ್ನು ತೀರ್ಮಾನಿಸುವುದು ಆಯಾ ಕಂಪನಿಯ ನಿಯಮ, ಮತ್ತು ಆ ನಿಯಮವನ್ನು ಓದಬೇಕಾದದ್ದು ಪಾಯಿಂಟುಗಳು ಇನ್ನೂ ಬ್ಯಾಂಕಿನ ಕಾರ್ಡಿನಲ್ಲಿ ಇರುವಾಗ.

ಪ್ರಶ್ನೆ: ಕ್ರೆಡಿಟ್ ಕಾರ್ಡಿನ ಪಾಯಿಂಟುಗಳನ್ನು ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಖಾತೆಗೆ ಹಾಕಿಸಿದ್ದೇನೆ. ಹೆಂಡತಿ ಮತ್ತು ಅತ್ತೆ ಬೆಂಗಳೂರಿನಿಂದ ಸಿಂಗಪುರಕ್ಕೆ ಹೋಗಬೇಕು, ನಾನು ಹೋಗುವುದಿಲ್ಲ. ಮೊದಲು ಹೆಂಡತಿಗೆ ಒಂದು ಖಾತೆ ತೆರೆದು ಮೈಲುಗಳನ್ನು ಅದಕ್ಕೆ ವರ್ಗಾಯಿಸಬೇಕೆ?
— ಮೈಸೂರಿನ ಓದುಗರು

ಬೇಡ. ಒಂದು ಖಾತೆಯಿಂದ ಇನ್ನೊಂದಕ್ಕೆ ಮೈಲು ಸಾಗಿಸಲು ಹೆಚ್ಚಿನ ಕಂಪನಿಗಳು ಶುಲ್ಕ ಹಾಕುತ್ತವೆ. ಆ ದುಡ್ಡು ಸುಮ್ಮನೆ ದಂಡ. ಮೈಲು ನಿಮ್ಮ ಖಾತೆಯಲ್ಲೇ ಇರಲಿ, ಅಲ್ಲಿಂದಲೇ ಅವರಿಬ್ಬರ ಹೆಸರಿಗೆ ಟಿಕೆಟ್ ತೆಗೆಯಿರಿ. ನೀವು ಜೊತೆಗೆ ಪ್ರಯಾಣ ಮಾಡಬೇಕೆಂಬ ಷರತ್ತು ಇಲ್ಲ.

ಷರತ್ತು ಇರುವುದು ಬೇರೆ ಕಡೆ. ಕ್ರಿಸ್‌ಫ್ಲೈಯರ್‌ನಲ್ಲಿ ಸದಸ್ಯರು ತಮಗೆ ಮತ್ತು ತಾವು ಮೊದಲೇ ನೋಂದಾಯಿಸಿದ ನಾಮಿನಿಗಳಿಗೆ ಮಾತ್ರ ಟಿಕೆಟ್ ತೆಗೆಯಬಹುದು. ಪಟ್ಟಿಯಲ್ಲಿ 5 ಜನರಿಗೆ ಜಾಗ. ಅವರು ರಕ್ತಸಂಬಂಧಿಗಳೇ ಆಗಿರಬೇಕಿಲ್ಲ, ಗೆಳೆಯರೂ ಆಗಬಹುದು. ಹೊಸಬರನ್ನು ಸೇರಿಸುವುದು ಸುಲಭ, ತುಂಬಿದ ಪಟ್ಟಿಯಲ್ಲಿ ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಕೂರಿಸಲು ಶುಲ್ಕ ಬೀಳುತ್ತದೆ. ಆದ್ದರಿಂದ ಖಾತೆ ತೆರೆದ ಉತ್ಸಾಹದಲ್ಲಿ ಐದೂ ಜಾಗ ತುಂಬಿಸಿಬಿಡಬೇಡಿ. ಈಗ ಹೋಗುವ ಇಬ್ಬರನ್ನು ಸೇರಿಸಿ, ಉಳಿದ ಮೂರನ್ನು ಖಾಲಿ ಬಿಡಿ.

ಕ್ರಮ ಹೀಗಿರಲಿ. ಮೊದಲು ಇಬ್ಬರ ಪಾಸ್‌ಪೋರ್ಟುಗಳನ್ನೂ ಎದುರಿಗೆ ಇಟ್ಟುಕೊಳ್ಳಿ. ಖಾತೆಗೆ ಲಾಗಿನ್ ಆಗಿ, ಪ್ರೊಫೈಲಿನಲ್ಲಿ ನಾಮಿನಿಗಳ ಪುಟ ತೆರೆದು, ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ ಹೊಂದಿಸಿ ಟೈಪ್ ಮಾಡಿ. ಜನ್ಮದಿನಾಂಕವೂ ಹಾಗೆಯೇ. ಸೇವ್ ಆದಮೇಲೆ ಮೈಲುಗಳಿಂದ ಟಿಕೆಟ್ ಹುಡುಕುವ ಆಯ್ಕೆಗೆ ಹೋಗಿ ದಿನಾಂಕ ಆರಿಸಿ. ಪ್ರಯಾಣಿಕರ ಪುಟ ಬಂದಾಗ ಸ್ವಲ್ಪ ನಿಲ್ಲಿ. ಮೊದಲ ಪ್ರಯಾಣಿಕರ ಜಾಗದಲ್ಲಿ ಸದಸ್ಯರ ಹೆಸರೇ ತಾನಾಗಿ ಬಂದು ಕೂರುವುದು ಇಂಥ ತಾಣಗಳಲ್ಲಿ ಸಾಮಾನ್ಯ. ಅದನ್ನು ಬದಲಿಸದೆ ಮುಂದೊತ್ತಿದರೆ ಅತ್ತೆಯ ಬದಲು ಅಳಿಯನ ಹೆಸರಿಗೆ ಟಿಕೆಟ್ ಬರುತ್ತದೆ. ಮೈಲಿನ ಟಿಕೆಟನ್ನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಬದಲಿಸಲು ಬರುವುದಿಲ್ಲ. ರದ್ದು ಮಾಡಿ, ಶುಲ್ಕ ಕೊಟ್ಟು, ಮತ್ತೆ ಹುಡುಕಬೇಕು. ಅಷ್ಟರಲ್ಲಿ ಆ ಸೀಟು ಬೇರೆಯವರ ಪಾಲಾಗಿರಬಹುದು.

ಕೊನೆಯಲ್ಲಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ಕಾರ್ಡಿನಲ್ಲಿ ಕಟ್ಟಬೇಕು. ನಿಮ್ಮ ಕಾರ್ಡಿನಲ್ಲೇ ಕಟ್ಟಬಹುದು. ಆದರೆ ಕಾರ್ಡಿನ ಯಜಮಾನ ಪ್ರಯಾಣ ಮಾಡದಿದ್ದಾಗ ಕೆಲವು ಕಂಪನಿಗಳು ಚೆಕ್-ಇನ್ ಹೊತ್ತಿಗೆ ಕಾರ್ಡಿನ ಪರಿಶೀಲನೆ ಕೇಳುತ್ತವೆ. ಪಾವತಿ ಆದಮೇಲೆ ಬಂದ ಇಮೇಲಿನಲ್ಲಿ ಆ ಸೂಚನೆ ಇದೆಯೇ ನೋಡಿ. ಇದ್ದರೆ ವಾರ ಮುಂಚೆಯೇ ಕಸ್ಟಮರ್ ಕೇರಿಗೆ ಫೋನ್ ಮಾಡಿ ಮುಗಿಸಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ದೇವನಹಳ್ಳಿಯ ಕೌಂಟರಿನಲ್ಲಿ ಅತ್ತೆಯವರು ಆ ಪ್ರಶ್ನೆಗೆ ಉತ್ತರ ಹುಡುಕುವಂತಾಗಬಾರದು.

ಕ್ರಿಸ್‌ಫ್ಲೈಯರ್ ಮೈಲುಗಳ ಆಯುಸ್ಸು 3 ವರ್ಷ ಎಂಬುದನ್ನೂ ಗಮನದಲ್ಲಿಡಿ. ನಡುವೆ ಪ್ರಯಾಣ ಮಾಡಿದರೂ ಹಳೆಯ ಮೈಲಿನ ಗಡುವು ಮುಂದೆ ಹೋಗುವುದಿಲ್ಲ.

ಪ್ರಶ್ನೆ: ಒಬ್ಬರಿಗೆ ಹುಡುಕಿದರೆ ಕಡಿಮೆ ಮೈಲಿನ ಸೀಟು ಸಿಗುತ್ತದೆ, ಇಬ್ಬರಿಗೆ ಹುಡುಕಿದರೆ ಅದೇ ವಿಮಾನ ಮಾಯ. ಮೋಸವೇ?
— ಶಿವಮೊಗ್ಗದ ಓದುಗರು

ಮೋಸವಲ್ಲ, ಲೆಕ್ಕ. ಪ್ರತಿ ವಿಮಾನದಲ್ಲೂ ಕಡಿಮೆ ಮೈಲಿನ ದರ್ಜೆಗೆ ಬೆರಳೆಣಿಕೆಯ ಸೀಟುಗಳನ್ನು ಮಾತ್ರ ಬಿಡುತ್ತಾರೆ. ಸಿಂಗಪುರ್ ಏರ್‌ಲೈನ್ಸ್ ಇದನ್ನು ಸೇವರ್ ಎನ್ನುತ್ತದೆ, ಹೆಚ್ಚು ಮೈಲು ಕೇಳುವುದನ್ನು ಅಡ್ವಾಂಟೇಜ್ ಎನ್ನುತ್ತದೆ. ಒಂದೇ ಸೇವರ್ ಸೀಟು ಉಳಿದಿರುವಾಗ ಇಬ್ಬರಿಗೆ ಕೇಳಿದರೆ ಕಂಪ್ಯೂಟರು ಒಬ್ಬರಿಗೆ ಅಗ್ಗ, ಇನ್ನೊಬ್ಬರಿಗೆ ದುಬಾರಿ ಎಂದು ಒಡೆದು ತೋರಿಸುವುದಿಲ್ಲ. ಒಂದೋ ಸೀಟಿಲ್ಲ ಎನ್ನುತ್ತದೆ, ಇಲ್ಲವೇ ಇಬ್ಬರಿಗೂ ದುಬಾರಿ ದರ್ಜೆಯನ್ನೇ ಹಚ್ಚುತ್ತದೆ.

ಅದಕ್ಕೆ ಯಾವಾಗಲೂ ಎರಡು ಸಲ ಹುಡುಕಿ, ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ. ವ್ಯತ್ಯಾಸ ಕಂಡರೆ ದಾರಿ ಮೂರು. ಒಂದು ದಿನ ಆಚೀಚೆ ಮಾಡಿದರೆ ಎರಡೂ ಸಿಗುತ್ತವೆಯೇ ನೋಡುವುದು ಮೊದಲನೆಯದು, ವಾರದ ನಡುವಿನ ದಿನಗಳಲ್ಲಿ ಇದು ಹಲವು ಸಲ ಕೈಹಿಡಿಯುತ್ತದೆ. ಒಬ್ಬರಿಗೆ ಸೇವರ್, ಇನ್ನೊಬ್ಬರಿಗೆ ಅಡ್ವಾಂಟೇಜ್ ಎಂದು ಎರಡು ಬುಕಿಂಗ್ ಮಾಡುವುದು ಇನ್ನೊಂದು. ಒಬ್ಬರ ಸೀಟು ಖಚಿತ ಮಾಡಿಕೊಂಡು ಇನ್ನೊಬ್ಬರನ್ನು ಸೇವರ್ ವೇಟ್‌ಲಿಸ್ಟಿನಲ್ಲಿ ಹಾಕುವುದು ಮೂರನೆಯದು. ಈ ಮೂರನೆಯದನ್ನು ನಾವು ಶಿಫಾರಸು ಮಾಡುವುದಿಲ್ಲ. ವೇಟ್‌ಲಿಸ್ಟ್ ಖಚಿತವಾಗುತ್ತದೆಂದು ಯಾರೂ ಮಾತು ಕೊಡುವುದಿಲ್ಲ, ಅಷ್ಟು ದಿನ ಸಾಕಷ್ಟು ಮೈಲು ಖಾತೆಯಲ್ಲಿ ಕಾಯುತ್ತ ಕೂತಿರಬೇಕು, ಅತ್ತ ನಗದು ದರ ಏರುತ್ತ ಹೋಗುತ್ತದೆ.

ಇನ್ನೊಂದು ಮಾತು. ಸೀಟು ಕಣ್ಣಿಗೆ ಬೀಳುವ ಮೊದಲು ಬ್ಯಾಂಕಿನಿಂದ ಪಾಯಿಂಟು ವರ್ಗಾಯಿಸಬೇಡಿ. ಕೆಲವು ಕಾರ್ಡುಗಳಿಂದ ವರ್ಗಾವಣೆ ನಿಮಿಷಗಳಲ್ಲಿ ಆಗುತ್ತದೆ, ಕೆಲವಕ್ಕೆ ದಿನಗಳು ಬೇಕು. ಒಮ್ಮೆ ಹೋದ ಪಾಯಿಂಟು ಕಾರ್ಡಿಗೆ ಮರಳುವುದಿಲ್ಲ.

ಪ್ರಶ್ನೆ: ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಗಿವನ್ ನೇಮ್‌ನಲ್ಲಿ ಒಂದೇ ಹೆಸರಿದೆ. ನನ್ನ ಮೈಲು ಖಾತೆಯಲ್ಲಿ ಇನಿಷಿಯಲ್ ಇದೆ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದಿದೆ. ಅವರಿಗೆ ಟಿಕೆಟ್ ತೆಗೆಯುವುದು ಹೇಗೆ?
— ಧಾರವಾಡದ ಓದುಗರು

ಕರ್ನಾಟಕದ ಪಾಸ್‌ಪೋರ್ಟುಗಳಿಗೆ ಇದು ಮಾಮೂಲಿ ಕಾಯಿಲೆ. ಇಲ್ಲಿ ಎರಡು ಸಮಸ್ಯೆಗಳು ಬೆರೆತಿವೆ, ಬೇರ್ಪಡಿಸಿ ನೋಡೋಣ.

ಮೊದಲು ನಿಮ್ಮದು. ಕಾರ್ಡಿನ ಪಾಯಿಂಟು ಮೈಲಾಗಬೇಕಾದರೆ ಕಾರ್ಡುದಾರರ ಹೆಸರೂ ಮೈಲು ಖಾತೆಯ ಹೆಸರೂ ತಾಳೆಯಾಗಬೇಕು. ಕಾರ್ಡಿನಲ್ಲಿ ‘ಎಸ್. ರಾಜೇಶ’, ಖಾತೆಯಲ್ಲಿ ‘ರಾಜೇಶ ಶ್ರೀನಿವಾಸ’ ಎಂದಿದ್ದರೆ ವರ್ಗಾವಣೆ ತಿರಸ್ಕೃತವಾಗಬಹುದು, ಇಲ್ಲವೇ ನಡುವೆ ಸಿಕ್ಕಿಕೊಂಡು ನಿಮ್ಮನ್ನು ಎರಡೂ ಕಡೆ ಓಡಾಡಿಸಬಹುದು. ಪಾಸ್‌ಪೋರ್ಟಿನ ಹೆಸರನ್ನೇ ಮೂಲ ಎಂದಿಟ್ಟುಕೊಂಡು ಮೊದಲು ಮೈಲು ಖಾತೆಯನ್ನು, ಆಮೇಲೆ ಬ್ಯಾಂಕನ್ನು ಸರಿಪಡಿಸಿ. ಮೈಲು ಖಾತೆಯ ಹೆಸರು ತಿದ್ದಲು ಪಾಸ್‌ಪೋರ್ಟಿನ ಪ್ರತಿ ಕಳಿಸಬೇಕಾಗುತ್ತದೆ, ಸಮಯ ಹಿಡಿಯುತ್ತದೆ. ಪಾಯಿಂಟು ಅವಧಿ ಮುಗಿಯುವ ವಾರದಲ್ಲಿ ಶುರುಮಾಡುವ ಕೆಲಸ ಇದಲ್ಲ.

ಇನ್ನು ಅಮ್ಮನದು. ಟಿಕೆಟ್ ತಾಣಗಳು ಎರಡೂ ಜಾಗ ತುಂಬಲೇಬೇಕು ಎನ್ನುತ್ತವೆ, ಪಾಸ್‌ಪೋರ್ಟಿನಲ್ಲಿ ಒಂದೇ ಇದೆ. ಇದಕ್ಕೆ ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. ಇರುವ ಹೆಸರನ್ನೇ ಎರಡೂ ಕಡೆ ಬರೆಯಿರಿ ಎನ್ನುವವರಿದ್ದಾರೆ. ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ‘ಮೊದಲ ಹೆಸರು ತಿಳಿದಿಲ್ಲ’ ಎಂಬರ್ಥದ ಎಫ್‌ಎನ್‌ಯು ಅಕ್ಷರಗಳನ್ನೋ ಗೌರವಸೂಚಕವನ್ನೋ ಹಾಕಿ ಎನ್ನುವವರೂ ಇದ್ದಾರೆ. ನೀವಾಗಿ ಊಹಿಸಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಅಲ್ಲಿ ತುಂಬಬೇಡಿ. ಆ ಕಂಪನಿಯ ಸಹಾಯ ಪುಟದಲ್ಲಿ ‘ಒಂದೇ ಹೆಸರಿನ ಪಾಸ್‌ಪೋರ್ಟ್’ ಎಂದು ಹುಡುಕಿ, ಅವರು ಹೇಳಿದಂತೆಯೇ ನಾಮಿನಿ ಪಟ್ಟಿಯಲ್ಲಿ ಬರೆಯಿರಿ. ನಾಮಿನಿ ಪಟ್ಟಿಯಲ್ಲಿ ಹೇಗಿದೆಯೋ ಟಿಕೆಟ್ಟಿಗೂ ಹಾಗೆಯೇ ಬರುತ್ತದೆ, ಅಲ್ಲಿ ತಪ್ಪಿದರೆ ಎಲ್ಲ ಕಡೆ ತಪ್ಪುತ್ತದೆ.

ಅಮ್ಮ ದುಬೈಗೋ ಅಬುಧಾಬಿಗೋ ಹೋಗುವವರಾದರೆ ಇದು ಬರೀ ಟಿಕೆಟ್ಟಿನ ಸಮಸ್ಯೆಯಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದು ಇನ್ನೊಂದು ಜಾಗ ಖಾಲಿಯಿರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲಿ ಸೂಚನೆ ಹೊರಡಿಸಿತು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಒಪ್ಪುವುದಾಗಿ ಆಮೇಲೆ ಸ್ಪಷ್ಟನೆ ಬಂತು. ಆದರೂ ಕೌಂಟರಿನ ಸಿಬ್ಬಂದಿಗೆ ಪ್ರತಿ ಸಲ ಇದನ್ನು ವಿವರಿಸುವುದಕ್ಕಿಂತ, ಪಾಸ್‌ಪೋರ್ಟ್ ಸೇವಾದಲ್ಲಿ ಮರುವಿತರಣೆಗೆ ಅರ್ಜಿ ಹಾಕಿ ಸರ್‌ನೇಮ್ ಸೇರಿಸಿಕೊಳ್ಳುವುದು ನೆಮ್ಮದಿ. ಅದಾದ ಮೇಲೆಯೇ ನಾಮಿನಿ ಪಟ್ಟಿಗೆ ಸೇರಿಸಿ. ಹಳೆಯ ಹೆಸರಿನಲ್ಲಿ ಸೇರಿಸಿ ಆಮೇಲೆ ಬದಲಿಸುವುದು ಎರಡು ಕೆಲಸ.

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇವೆ. ಬ್ರಿಟಿಷ್ ಏರ್‌ವೇಸ್‌ನ ಏವಿಯೋಸ್ (ಅವರ ಮೈಲುಗಳ ಹೆಸರು) ಇವೆ, ಅಮೆಕ್ಸ್ (ಅಮೆರಿಕನ್ ಎಕ್ಸ್‌ಪ್ರೆಸ್) ಕಾರ್ಡಿನಿಂದ ಜೊತೆಗಾರರ ಮೈಲು ಉಳಿಸುವ ಕಂಪ್ಯಾನಿಯನ್ ವೋಚರ್ ಕೂಡ ಬಂದಿದೆ. ಬೆಂಗಳೂರಿನಿಂದ ಅಪ್ಪ–ಅಮ್ಮನನ್ನು ಕರೆಸಿಕೊಳ್ಳಲು ವೋಚರ್ ಬಳಸಿದರೆ ಒಬ್ಬರ ಟಿಕೆಟ್ ಉಳಿಯುತ್ತದಲ್ಲವೇ?
— ರೆಡಿಂಗ್‌ನ ಓದುಗರು

ಅಪ್ಪ–ಅಮ್ಮ ಇಬ್ಬರೇ ಬರುವುದಾದರೆ ಇಲ್ಲ. ಆ ವೋಚರ್ ಬಳಸುವ ಬುಕಿಂಗಿನಲ್ಲಿ ಮುಖ್ಯ ಕಾರ್ಡುದಾರರು ಪ್ರಯಾಣಿಕರಾಗಿ ಇರಲೇಬೇಕು. ನೀವು ಬೆಂಗಳೂರಿಗೆ ಬಂದು ಅಮ್ಮನನ್ನು ಜೊತೆಯಲ್ಲಿ ಕರೆದೊಯ್ಯುವುದಾದರೆ ಬಳಸಬಹುದು. ಪ್ರಯಾಣ ಬ್ರಿಟನ್ನಿನಿಂದಲೇ ಶುರುವಾಗಬೇಕೆಂಬ ಹಳೆಯ ಷರತ್ತು 2021ರಲ್ಲಿ ಹೋಯಿತು. ಆದರೆ ಇಬ್ಬರೂ ಒಂದೇ ಬುಕಿಂಗ್, ಒಂದೇ ವಿಮಾನ, ಒಂದೇ ದರ್ಜೆ. ನಿಮ್ಮ ಏವಿಯೋಸ್ ಪೂರ್ತಿ ಕಡಿತವಾಗುತ್ತದೆ, ಜೊತೆಗಾರರ ಏವಿಯೋಸ್ ಕಡಿತವಾಗುವುದಿಲ್ಲ. ತೆರಿಗೆ ಮತ್ತು ಕಂಪನಿಯ ಶುಲ್ಕ ಮಾತ್ರ ಇಬ್ಬರಿಗೂ ಕಟ್ಟಬೇಕು. ಉಚಿತ ಎಂದು ಜಾಹೀರಾತು ನೋಡಿ ಖುಷಿಪಟ್ಟವರು ಪಾವತಿ ಪುಟದಲ್ಲಿ ಬೆಚ್ಚುವುದು ಇಲ್ಲಿ. ವಾರ್ಷಿಕ ಶುಲ್ಕವಿಲ್ಲದ ಕಾರ್ಡಿನಿಂದ ಬಂದ ವೋಚರ್ ಎಕಾನಮಿಗೆ ಮಾತ್ರ, ಅವಧಿ 1 ವರ್ಷ. ಪ್ರೀಮಿಯಂ ಪ್ಲಸ್ ಕಾರ್ಡಿನದಕ್ಕೆ 2 ವರ್ಷ. ಒಬ್ಬರೇ ಪ್ರಯಾಣಿಸುವುದಾದರೂ ವೋಚರ್ ವ್ಯರ್ಥವಲ್ಲ, ಏವಿಯೋಸ್ ಅರ್ಧಕ್ಕೆ ಇಳಿಯುತ್ತದೆ.

ವೋಚರ್ ಬಿಟ್ಟು ಬರೀ ಏವಿಯೋಸ್‌ನಿಂದ ಅವರಿಬ್ಬರಿಗೂ ಟಿಕೆಟ್ ತೆಗೆಯಬಹುದೇ? ಖಂಡಿತ, ಒಂದು ತಿರುವಿನೊಂದಿಗೆ. ನಿಮ್ಮದು ಒಂಟಿ ಖಾತೆಯಾಗಿದ್ದರೆ ಯಾರಿಗೆ ಬೇಕಾದರೂ ತೆಗೆಯಬಹುದು. ಗಂಡ, ಹೆಂಡತಿ, ಮಕ್ಕಳ ಏವಿಯೋಸ್ ಒಟ್ಟುಗೂಡಿಸಲು ಹೌಸ್‌ಹೋಲ್ಡ್ ಖಾತೆ ಮಾಡಿಕೊಂಡಿದ್ದರೆ ಆ ಸ್ವಾತಂತ್ರ್ಯ ಹೋಗುತ್ತದೆ. ಆಗ ಹೌಸ್‌ಹೋಲ್ಡ್ ಒಳಗಿನವರಿಗೆ ಮತ್ತು ‘ಫ್ರೆಂಡ್ಸ್ ಅಂಡ್ ಫ್ಯಾಮಿಲಿ’ ಪಟ್ಟಿಯಲ್ಲಿರುವವರಿಗೆ ಮಾತ್ರ. ಹೌಸ್‌ಹೋಲ್ಡ್‌ಗೆ ಸೇರುವವರ ವಿಳಾಸ ಒಂದೇ ಇರಬೇಕು, ಹಾಗಾಗಿ ಜಯನಗರದಲ್ಲಿರುವ ಅಪ್ಪ–ಅಮ್ಮ ಅದಕ್ಕೆ ಸೇರುವವರಲ್ಲ. ಅವರನ್ನು ಪಟ್ಟಿಗೆ ಹಾಕಿ. ಈ ಪಟ್ಟಿಯೂ ಚಿಕ್ಕದು, ಹಾಕಿದವರನ್ನು ಬೇಕೆಂದಾಗ ಬದಲಿಸಲು ಬಿಡುವುದಿಲ್ಲ, 6 ತಿಂಗಳ ತಡೆ ಇದೆ. ಅಪ್ಪ, ಅಮ್ಮ, ಅತ್ತೆ, ಮಾವ ನಾಲ್ವರನ್ನು ಮೊದಲು ಹಾಕಿ, ಗೆಳೆಯರ ಮಾತು ಆಮೇಲೆ.

ಹೌಸ್‌ಹೋಲ್ಡ್ ಖಾತೆಯಿಂದ ಟಿಕೆಟ್ ತೆಗೆದಾಗ ಏವಿಯೋಸ್ ಯಾರೋ ಒಬ್ಬರ ಖಾತೆಯಿಂದ ಹೋಗುವುದಿಲ್ಲ. ಎಲ್ಲರ ಬಾಕಿಯಿಂದ ಅವರವರ ಪಾಲಿಗೆ ತಕ್ಕಷ್ಟು ಕಡಿತವಾಗುತ್ತದೆ. ಗಂಡನ ಖಾತೆಯಲ್ಲಿ 60,000, ಹೆಂಡತಿಯದರಲ್ಲಿ 20,000 ಇದ್ದು 40,000 ಬೇಕಾದರೆ 30,000 ಮತ್ತು 10,000 ಹೀಗೆ ಕಡಿತ.

ತೆರಿಗೆಯ ವಿಷಯದಲ್ಲಿ ಒಂದು ಸೂಕ್ಷ್ಮ. ಬ್ರಿಟನ್ನಿನಿಂದ ಹೊರಡುವ ವಿಮಾನಕ್ಕೆ ಏರ್ ಪ್ಯಾಸೆಂಜರ್ ಡ್ಯೂಟಿ ಇದೆ, ಮೈಲಿನ ಟಿಕೆಟ್ಟಿಗೂ ವಿನಾಯಿತಿ ಇಲ್ಲ. ಬೆಂಗಳೂರು–ಲಂಡನ್ ಹಾದಿಗೆ ಅದು ಬೀಳುವುದಿಲ್ಲ, ವಾಪಸಾತಿಗೆ ಬೀಳುತ್ತದೆ. ಎಕಾನಮಿಯಲ್ಲಿ ಕೂರುವ 16 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಮಾಫಿ. ಪ್ರೀಮಿಯಂ ಎಕಾನಮಿಗೋ ಬಿಸಿನೆಸ್‌ಗೋ ಹೋದರೆ ದೊಡ್ಡವರಿಗೆ ಡ್ಯೂಟಿ ಜಿಗಿಯುತ್ತದೆ. ವಾಪಸಾತಿಯನ್ನು ಎಕಾನಮಿಯಲ್ಲಿ ಇಟ್ಟು, ಬರುವಾಗ ಮೇಲಿನ ದರ್ಜೆ ಕೊಡಿಸಿದರೆ ನಿಮ್ಮ ಜೇಬಿಗೆ ಹಗುರ.

ಪ್ರಶ್ನೆ: ಜಪಾನ್ ಏರ್‌ಲೈನ್ಸ್ ಮೈಲುಗಳಿವೆ. ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಟೋಕಿಯೊಗೆ ಬರಬೇಕು. ಕೊಡಬಹುದೆ?
— ಟೋಕಿಯೊದ ಓದುಗರು

ಕೊಡಲಾಗದು. ಜಪಾನಿನ ಎರಡೂ ದೊಡ್ಡ ಕಂಪನಿಗಳು ಮೈಲು ಬಳಕೆಯನ್ನು ಸಂಗಾತಿ ಮತ್ತು ಎರಡನೆಯ ಹಂತದವರೆಗಿನ ಬಂಧುಗಳಿಗೆ ಕಟ್ಟಿಹಾಕಿವೆ. ಜಪಾನಿನ ಲೆಕ್ಕದಲ್ಲಿ ಅಪ್ಪ, ಅಮ್ಮ, ಮಕ್ಕಳು ಮೊದಲನೆಯ ಹಂತ. ಅಜ್ಜ, ಅಜ್ಜಿ, ಮೊಮ್ಮಕ್ಕಳು, ಒಡಹುಟ್ಟಿದವರು ಎರಡನೆಯದು. ಚಿಕ್ಕಪ್ಪ, ಸೋದರಮಾವ ಮೂರನೆಯದಾಯಿತು, ಅವರ ಮಕ್ಕಳು ನಾಲ್ಕನೆಯದು. ನಮ್ಮಲ್ಲಿ ಅಣ್ಣ ಎಂದೇ ಕರೆಯುತ್ತೇವೆ, ನಿಜ. ಹಾಗೆಂದು ಅರ್ಜಿಯಲ್ಲಿ ಅಣ್ಣ ಎಂದು ಬರೆದರೆ ಸಂಬಂಧದ ದಾಖಲೆ ಕೇಳುವ ಹಕ್ಕು ಅವರಿಗಿದೆ. ದಾಖಲೆ ಇಲ್ಲದಿದ್ದರೆ ಟಿಕೆಟ್ಟೂ ಹೋಗುತ್ತದೆ, ಖಾತೆಗೂ ಕುತ್ತು.

ಕಾರ್ಡಿನ ಪಾಯಿಂಟುಗಳು ಇನ್ನೂ ಕೈಯಲ್ಲಿದ್ದರೆ ಅವನ್ನು ಬೇರೆ ಕಡೆ ಹಾಕಿ. ಕ್ಯಾಥೆ ಪೆಸಿಫಿಕ್ ಸದಸ್ಯರು ತಮ್ಮ ರಿಡೆಂಪ್ಷನ್ ಪಟ್ಟಿಗೆ ನೆಂಟರಲ್ಲದವರನ್ನೂ ಸೇರಿಸಬಹುದು, ಹಾಂಗ್‌ಕಾಂಗ್ ಮೂಲಕ ಬೆಂಗಳೂರು–ಟೋಕಿಯೊ ಹಾದಿಯೂ ಇದೆ.

ಪ್ರಶ್ನೆ: ಅಮೆರಿಕದಲ್ಲಿ ಇದ್ದೇನೆ. ಯುನೈಟೆಡ್ ಮೈಲುಗಳಿಂದ ಅಪ್ಪ–ಅಮ್ಮನಿಗೆ ಬೆಂಗಳೂರು–ಫ್ರಾಂಕ್‌ಫರ್ಟ್ ಮೂಲಕ ಲುಫ್ತಾನ್ಸಾ ಟಿಕೆಟ್ ತೆಗೆದಿದ್ದೇನೆ. ವೀಲ್‌ಚೇರ್ ಮತ್ತು ಸಸ್ಯಾಹಾರ ಹಾಕಲು ಹೋದರೆ ಲುಫ್ತಾನ್ಸಾ ತಾಣ ಬುಕಿಂಗೇ ಇಲ್ಲ ಎನ್ನುತ್ತದೆ.
— ಡಲ್ಲಾಸ್‌ನ ಓದುಗರು

ಬುಕಿಂಗ್ ಇದೆ, ನಂಬರು ಬೇರೆ. ಒಂದು ಕಂಪನಿಯ ಮೈಲಿನಿಂದ ಇನ್ನೊಂದರ ವಿಮಾನ ತೆಗೆದಾಗ ಎರಡು ಪಿಎನ್‌ಆರ್ ಹುಟ್ಟುತ್ತವೆ: ಟಿಕೆಟ್ ಕೊಟ್ಟ ಯುನೈಟೆಡ್‌ನದೊಂದು, ವಿಮಾನ ಹಾರಿಸುವ ಲುಫ್ತಾನ್ಸಾದ್ದೊಂದು. ನಿಮ್ಮ ಕೈಯಲ್ಲಿರುವುದು ಮೊದಲನೆಯದು. ಯುನೈಟೆಡ್ ತಾಣದ ಪ್ರಯಾಣದ ವಿವರದಲ್ಲಿ ಎರಡನೆಯದು ಕಾಣದಿದ್ದರೆ ಫೋನ್ ಮಾಡಿ ‘ಆಪರೇಟಿಂಗ್ ಕ್ಯಾರಿಯರ್ ಪಿಎನ್‌ಆರ್ ಕೊಡಿ’ ಎಂದು ಕೇಳಿ. 6 ಅಕ್ಷರಗಳು, ಕಾಗದದಲ್ಲಿ ಬರೆದುಕೊಂಡು ಅವರಿಗೇ ಓದಿ ಹೇಳಿ. ಬಿ–ಡಿ, ಎಂ–ಎನ್ ಫೋನಿನಲ್ಲಿ ಅದಲುಬದಲಾಗುತ್ತವೆ.

ಆ ನಂಬರು ಹಿಡಿದು ಲುಫ್ತಾನ್ಸಾದಲ್ಲಿ ಸೀಟು, ಊಟ, ವೀಲ್‌ಚೇರ್ ಮೂರನ್ನೂ ಹಾಕಿಸಿ. ವೀಲ್‌ಚೇರ್‌ಗೆ ಮೂರು ಸಂಕೇತಗಳಿವೆ. ಡಬ್ಲ್ಯೂಸಿಎಚ್‌ಆರ್ ಎಂದರೆ ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು. ಡಬ್ಲ್ಯೂಸಿಎಚ್‌ಎಸ್ ಎಂದರೆ ಮೆಟ್ಟಿಲೂ ಆಗದು. ಡಬ್ಲ್ಯೂಸಿಎಚ್‌ಸಿ ಎಂದರೆ ಸೀಟಿನವರೆಗೂ ಎತ್ತಿಕೊಂಡೇ ಹೋಗಬೇಕು. ಮಂಡಿನೋವಿನ ಅಮ್ಮನಿಗೆ ಸಾಮಾನ್ಯವಾಗಿ ಎರಡನೆಯದು ಸರಿ. ಬಸ್ಸಿನಿಂದ ಇಳಿದು ಏಣಿ ಹತ್ತುವ ಸಂದರ್ಭ ಬಂದರೆ ಮೊದಲನೆಯ ಸಂಕೇತ ಕೈಕೊಡುತ್ತದೆ. ಊಟಕ್ಕೆ ಏಷ್ಯನ್ ವೆಜಿಟೇರಿಯನ್, ಸಂಕೇತ ಎವಿಎಂಎಲ್. ಈರುಳ್ಳಿ, ಬೆಳ್ಳುಳ್ಳಿ ಬೇಡದವರು ಜೈನ ಊಟ ಕೇಳಿ, ಅದರ ಸಂಕೇತ ವಿಜೆಎಂಎಲ್. ಹೊರಡುವುದಕ್ಕೆ 24 ಗಂಟೆ ಮೊದಲೇ ಹಾಕಿರಬೇಕು. ವಿಮಾನದ ಸಮಯ ಬದಲಾಗಿ ಟಿಕೆಟ್ ಮರುಜಾರಿಯಾದರೆ ಈ ಕೋರಿಕೆಗಳು ಅಳಿಸಿಹೋಗುವುದುಂಟು, ಹಿಂದಿನ ವಾರ ಮತ್ತೊಮ್ಮೆ ನೋಡಿ.

ಯುನೈಟೆಡ್ ಆಯ್ಕೆ ಮಾಡಿದ್ದು ಜಾಣತನ. ಯಾರ ಹೆಸರಿಗೆ ಬೇಕಾದರೂ ತೆಗೆಯಲು ಬಿಡುತ್ತದೆ, ಪಾಲುದಾರ ಕಂಪನಿಯ ಇಂಧನ ಸರ್ಚಾರ್ಜನ್ನು ಹೇರುವುದಿಲ್ಲ, ಮೈಲಿಗೆ ಅವಧಿಯೂ ಇಲ್ಲ. 2024ರಿಂದ 5 ಜನ ಸೇರಿ ಮೈಲು ಒಟ್ಟುಗೂಡಿಸುವ ಸೌಲಭ್ಯವನ್ನೂ ಕೊಟ್ಟಿದೆ.

ಅಪ್ಪ–ಅಮ್ಮ ಅಲ್ಲಿರುವ ತಿಂಗಳುಗಳಲ್ಲಿ ದೇಶದೊಳಗೆ ಸುತ್ತಾಡಿಸುವ ಯೋಚನೆ ಇದ್ದರೆ ಅಮೆರಿಕದ ವಿಮಾನ ಕಂಪನಿ ಸೌತ್‌ವೆಸ್ಟ್‌ನ ಕಂಪ್ಯಾನಿಯನ್ ಪಾಸ್ ನೋಡಿ. ಒಂದು ಕ್ಯಾಲೆಂಡರ್ ವರ್ಷದಲ್ಲಿ 1,35,000 ಅರ್ಹ ಪಾಯಿಂಟು ಅಥವಾ 100 ಒಂದೇ ಹಾದಿಯ ಪ್ರಯಾಣ ಪೂರೈಸಿದರೆ ಆ ವರ್ಷದ ಉಳಿದ ಭಾಗ ಮತ್ತು ಮುಂದಿನ ಇಡೀ ವರ್ಷ ಒಬ್ಬ ಜೊತೆಗಾರರಿಗೆ ತೆರಿಗೆ ಮಾತ್ರ. ಜೊತೆಗಾರರನ್ನು ವರ್ಷಕ್ಕೆ 3 ಸಲ ಬದಲಿಸಬಹುದು, ಅಂದರೆ ಹೆಂಡತಿಯ ಹೆಸರಿದ್ದದ್ದನ್ನು ಅಮ್ಮ ಬಂದಾಗ ಅಮ್ಮನಿಗೆ, ಆಮೇಲೆ ಮರಳಿ ಹೆಂಡತಿಗೆ. ನೀವಿಲ್ಲದೆ ಅವರು ಹಾರುವಂತಿಲ್ಲ.

ಪ್ರಶ್ನೆ: ಒಬ್ಬರಿಗಾಗುವಷ್ಟು ಮೈಲು ಮಾತ್ರ ಇದೆ. ನಾವು ದಂಪತಿ. ಒಬ್ಬರಿಗೆ ಮೈಲು, ಇನ್ನೊಬ್ಬರಿಗೆ ದುಡ್ಡು ಕೊಟ್ಟು ಒಟ್ಟಿಗೆ ಹೋಗಬಹುದೆ? ಯಾರಿಗೆ ಮೈಲು ಹಾಕುವುದು ಲಾಭ?
— ಮಂಗಳೂರಿನ ಓದುಗರು

ಹೋಗಬಹುದು. ಮೊದಲು ಮೈಲಿಗೆ ಎಷ್ಟು ಬೆಲೆ ಬರುತ್ತಿದೆ ನೋಡಿ. ಉದಾಹರಣೆಗೆ ನಗದು ಟಿಕೆಟ್ ₹38,000 ಇದ್ದು, ಮೈಲಿನ ಟಿಕೆಟ್ಟಿಗೆ 25,000 ಮೈಲು ಮತ್ತು ₹13,000 ತೆರಿಗೆ ಎಂದಿರಲಿ. 38,000ದಿಂದ 13,000 ಕಳೆದರೆ 25,000. ಮೈಲಿಗೆ ₹1 ಬಂತು. ತೆರಿಗೆ ₹22,000 ಆಗಿದ್ದರೆ ಉಳಿಯುವುದು ₹16,000, ಮೈಲಿಗೆ 64 ಪೈಸೆ. ಅದೇ ಪಾಯಿಂಟಿಗೆ ನಿಮ್ಮ ಬ್ಯಾಂಕು ಇದಕ್ಕಿಂತ ಹೆಚ್ಚು ಕೊಡುತ್ತಿದ್ದರೆ ಇಬ್ಬರಿಗೂ ದುಡ್ಡು ಕೊಟ್ಟೇ ಹೋಗಿ.

ಯಾರಿಗೆ ಮೈಲು? ಹೊರಡುವುದು ಯಾರಿಗೆ ಅನುಮಾನವೋ ಅವರಿಗೆ. ರಜೆ ಸಿಗುತ್ತದೋ ಇಲ್ಲವೋ ಎಂಬಂಥವರ ಅಗ್ಗದ ನಗದು ಟಿಕೆಟ್ ರದ್ದಾದರೆ ಹೆಚ್ಚೂಕಡಿಮೆ ಪೂರ್ತಿ ಹೋಯಿತು. ಮೈಲಿನ ಟಿಕೆಟ್ಟಾದರೆ ಹಲವು ಕಂಪನಿಗಳಲ್ಲಿ ಒಂದಿಷ್ಟು ಶುಲ್ಕ ಹಿಡಿದು ಮೈಲು, ತೆರಿಗೆ ಎರಡನ್ನೂ ಹಿಂದಿರುಗಿಸುತ್ತಾರೆ. ಹೊರಡುವುದು ಖಚಿತವಿರುವವರು, ಜೊತೆಗೆ ಆ ಕಂಪನಿಯಲ್ಲಿ ಸಿಲ್ವರ್, ಗೋಲ್ಡ್ ದರ್ಜೆಯ (ಹೆಚ್ಚು ಹಾರುವ ಸದಸ್ಯರಿಗೆ ಕೊಡುವ ಮಟ್ಟ) ಹಾದಿಯಲ್ಲಿರುವವರು ನಗದಿನಲ್ಲಿ ಹೋಗಲಿ. ಅವರಿಗೆ ಹೊಸ ಮೈಲೂ ಬರುತ್ತದೆ.

ಆದರೆ ನಗದು ಟಿಕೆಟ್ಟೂ ಮೈಲಿನ ಟಿಕೆಟ್ಟೂ ಒಂದೇ ಪಿಎನ್‌ಆರ್‌ನಲ್ಲಿ ಬರುವುದಿಲ್ಲ. ಕಂಪ್ಯೂಟರಿನ ಕಣ್ಣಿಗೆ ನೀವಿಬ್ಬರೂ ಅಪರಿಚಿತರು. ವಿಮಾನ ರದ್ದಾದರೆ ಒಬ್ಬರನ್ನು ಸಂಜೆಗೆ, ಇನ್ನೊಬ್ಬರನ್ನು ಮರುದಿನಕ್ಕೆ ಹಾಕಿಬಿಡಬಹುದು. ಎರಡೂ ಟಿಕೆಟ್ ಆದ ಕೂಡಲೇ ಕಂಪನಿಗೆ ಫೋನ್ ಮಾಡಿ, ಎರಡು ಪಿಎನ್‌ಆರ್‌ಗಳನ್ನೂ ಕೊಟ್ಟು, ‘ಟಿಸಿಪಿ ರಿಮಾರ್ಕ್ ಹಾಕಿ’ ಎನ್ನಿ. ಇಬ್ಬರೂ ಒಂದೇ ತಂಡ ಎಂಬ ಟಿಪ್ಪಣಿ ಅದು. ಅದು ಬೀಗವಲ್ಲ, ಆದರೆ ಮರುಬುಕಿಂಗ್ ಮಾಡುವ ಸಿಬ್ಬಂದಿಗೆ ಕಾಣುತ್ತದೆ. ಸೀಟು ಮೊದಲೇ ಆರಿಸಿಕೊಳ್ಳಿ, ಹೊರಡುವ ದಿನ ಒಟ್ಟಿಗೇ ಕೌಂಟರಿಗೆ ಹೋಗಿ. ಟಿಕೆಟ್ ತೆಗೆಯುವ ಕ್ರಮವೂ ಮುಖ್ಯ: ಮೊದಲು ಮೈಲಿನ ಸೀಟು, ಅದು ಖಚಿತವಾದ ಮೇಲೆ ನಗದು. ತಿರುವುಮುರುವು ಮಾಡಿದರೆ ನಗದು ಕೊಟ್ಟ ವಿಮಾನದಲ್ಲಿ ಮೈಲಿನ ಸೀಟೇ ಸಿಗದೆ ಪರದಾಡಬೇಕಾದೀತು. ನೆರವಿಲ್ಲದೆ ಓಡಾಡಲಾಗದ ಹಿರಿಯರಿದ್ದರೆ ಈ ಏರ್ಪಾಡು ಬೇಡವೇ ಬೇಡ.

ಪ್ರಶ್ನೆ: 10 ತಿಂಗಳ ಮಗು ಮತ್ತು 6 ವರ್ಷದ ಮಗಳಿದ್ದಾರೆ. ಮಕ್ಕಳಿಗೆ ಎಷ್ಟು ಮೈಲು?
— ಬೆಳಗಾವಿಯ ಓದುಗರು

6 ವರ್ಷದವಳಿಗೆ ಸೀಟು ಬೇಕು, ಹೆಚ್ಚಿನ ಕಡೆ ದೊಡ್ಡವರಷ್ಟೇ ಮೈಲು. ಏರ್ ಫ್ರಾನ್ಸ್–ಕೆಎಲ್‌ಎಂನ ಫ್ಲೈಯಿಂಗ್ ಬ್ಲೂ ಇದಕ್ಕೆ ಅಪವಾದ, 2ರಿಂದ 11 ವರ್ಷದವರಿಗೆ 25% ಕಡಿಮೆ. ಎರಡೂ ಕಂಪನಿಗಳು ಬೆಂಗಳೂರಿನಿಂದ ಹಾರುವುದರಿಂದ ಯುರೋಪಿಗೆ ಹೋಗುವ ಕುಟುಂಬಗಳು ಇಲ್ಲಿ ಮೊದಲು ನೋಡಬೇಕು.

ಮಡಿಲ ಮಗುವಿನ ಲೆಕ್ಕ ವಿಚಿತ್ರ. ಬ್ರಿಟಿಷ್ ಏರ್‌ವೇಸ್ ದೊಡ್ಡವರ ಏವಿಯೋಸ್‌ನ 10% ಕೇಳುತ್ತದೆ. ಯುನೈಟೆಡ್ ಅಂತರರಾಷ್ಟ್ರೀಯ ಹಾದಿಯಲ್ಲಿ ದೊಡ್ಡವರ ನಗದು ದರದ 10% ಕೇಳುತ್ತದೆ. ಅಪ್ಪ–ಅಮ್ಮ ಮೈಲಿನಲ್ಲಿ ಬಿಸಿನೆಸ್ ದರ್ಜೆಯಲ್ಲಿ ಕೂತಿದ್ದರೆ ಬಿಸಿನೆಸ್ ನಗದು ದರದ 10%, ಅದೂ ಕಾರ್ಡಿನಲ್ಲಿ. ಮಡಿಲಲ್ಲಿ ಮಲಗಿದ ಮಗುವಿಗೆ ಹತ್ತಾರು ಸಾವಿರ ರೂಪಾಯಿ! ಟಿಕೆಟ್ ತೆಗೆಯುವಾಗಲೇ ಮಗುವನ್ನು ಸೇರಿಸಿ. ಹೊರಡುವ ದಿನಕ್ಕೆ ಬಿಟ್ಟರೆ ಆ ದಿನದ ದರ ಹಿಡಿಯುತ್ತಾರೆ. ಹಿಂದಿರುಗುವ ಮುನ್ನ ಮಗುವಿಗೆ 2 ವರ್ಷ ತುಂಬಿದರೆ ವಾಪಸಾತಿಗೆ ಸೀಟೇ ಬೇಕು.

ಪ್ರಶ್ನೆ: ತಮ್ಮನಿಗೆ ತೆಗೆದ ಮೈಲಿನ ಟಿಕೆಟ್ ರದ್ದು ಮಾಡಿದೆ. ಮೈಲು ಅವನ ಖಾತೆಗೆ ಬರುತ್ತದೋ ನನ್ನದಕ್ಕೋ? ಹಾರಿದ್ದರೆ ಅವನಿಗೆ ಮೈಲು ಸಿಗುತ್ತಿತ್ತೆ?
— ಹಾಸನದ ಓದುಗರು

ಮೈಲು ನಿಮ್ಮ ಖಾತೆಗೆ, ತೆರಿಗೆ ಕಟ್ಟಿದ ಕಾರ್ಡಿಗೆ. ಟಿಕೆಟ್ ತೆಗೆದ ಮೇಲೆ ಅವಧಿ ಮುಗಿದುಹೋದ ಮೈಲುಗಳಿದ್ದರೆ ಅವು ಸಾಮಾನ್ಯವಾಗಿ ಮರಳಿ ಬದುಕುವುದಿಲ್ಲ. ಅದಕ್ಕೇ ರದ್ದು ಮಾಡುವ ಮೊದಲು ಖಾತೆಯಲ್ಲಿ ಅವಧಿಯ ಪುಟ ನೋಡಬೇಕು, ಹಲವು ಸಲ ರದ್ದು ಮಾಡುವುದಕ್ಕಿಂತ ದಿನಾಂಕ ಬದಲಿಸುವುದು ಒಳ್ಳೆಯದು. ಬ್ರಿಟಿಷ್ ಏರ್‌ವೇಸ್‌ನಂಥ ಕಡೆ ಹೊರಡುವುದಕ್ಕೆ 24 ಗಂಟೆಯೊಳಗೆ ಬಂದರೆ ಏವಿಯೋಸ್ ಹಿಂದಿರುಗಿಸುವುದಿಲ್ಲ, ಹೇಳದೆ ಕೇಳದೆ ವಿಮಾನ ತಪ್ಪಿಸಿದರಂತೂ ಮುಗಿಯಿತು. ಇನ್ನು ಹಾರಿದವರಿಗೆ ಮೈಲು: ಮೈಲಿನ ಟಿಕೆಟ್ಟಿಗೆ ಮಾಮೂಲಾಗಿ ಮೈಲು ಬರುವುದಿಲ್ಲ. ಆದರೂ ತಮ್ಮನಿಗೆ ಆ ಕಂಪನಿ ಸೇರಿರುವ ವಿಮಾನ ಕಂಪನಿಗಳ ಕೂಟದಲ್ಲಿ ಗೋಲ್ಡ್ ದರ್ಜೆ ಇದ್ದರೆ ಅವನ ನಂಬರನ್ನು ಟಿಕೆಟ್ಟಿಗೆ ಸೇರಿಸಿ, ಹೆಚ್ಚಿನ ಲಗೇಜು ಮತ್ತು ಲೌಂಜು ಅವನ ಪಾಲಿಗೆ ಸಿಗುತ್ತದೆ.

ಪ್ರಶ್ನೆ: ಪರಿಚಯದ ಏಜೆಂಟ್ ಒಬ್ಬರು ನನ್ನ ಮೈಲುಗಳಿಗೆ ಒಳ್ಳೆಯ ದುಡ್ಡು ಕೊಡುತ್ತಾರಂತೆ. ತಮ್ಮ ಗಿರಾಕಿಗಳ ಹೆಸರಿಗೆ ಟಿಕೆಟ್ ತೆಗೆದುಕೊಟ್ಟರೆ ಸಾಕಂತೆ.
— ಬೆಂಗಳೂರಿನ ಓದುಗರು

ಬೇರೆಯವರಿಗೆ ಟಿಕೆಟ್ ತೆಗೆಯುವುದಕ್ಕೆ ಅಡ್ಡಿಯಿಲ್ಲ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಕ್ಕೆ ಅಡ್ಡಿಯಿದೆ. ಮೈಲು ಮಾರಾಟವನ್ನು ಮೇಲೆ ಹೇಳಿದ ಎಲ್ಲ ಕಂಪನಿಗಳ ನಿಯಮಗಳೂ ನಿಷೇಧಿಸುತ್ತವೆ. ಒಂದೇ ಖಾತೆಯಿಂದ ಬೇರೆ ಬೇರೆ ಹೆಸರು, ಬೇರೆ ಬೇರೆ ಊರು, ಹೊರಡುವ ಮುನ್ನಾ ದಿನದ ಬುಕಿಂಗ್, ಬೇರೆ ದೇಶದಿಂದ ಲಾಗಿನ್ — ಇವನ್ನು ಗುರುತಿಸುವ ವ್ಯವಸ್ಥೆ ಅವರಲ್ಲಿದೆ. ಸಿಕ್ಕಿಬಿದ್ದರೆ ಖಾತೆ ಮುಚ್ಚುತ್ತಾರೆ, ಉಳಿದ ಮೈಲು ಮುಟ್ಟುಗೋಲು, ಮನೆಯವರಿಗೆ ತೆಗೆದಿಟ್ಟ ಮುಂದಿನ ಟಿಕೆಟ್ಟುಗಳೂ ರದ್ದು. ಏಜೆಂಟರು ‘ನಾವೇ ತೆಗೆದುಕೊಳ್ಳುತ್ತೇವೆ, ಪಾಸ್‌ವರ್ಡ್ ಮತ್ತು ಒಟಿಪಿ ಕೊಡಿ’ ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಅವರ ಗಿರಾಕಿಯನ್ನು ಕೌಂಟರಿನಲ್ಲಿ ತಡೆದರೆ ಕರೆ ಬರುವುದು ನಿಮ್ಮ ಫೋನಿಗೆ.